ಮನೆಗೊಬ್ಬ ಗಂಡಸು ಬಂದರೆ ಪಿಂಚಣಿ ಯಾಕೆ ನಿಲ್ಲಬೇಕು?

ಕಾಸರಗೋಡು ಜಿಲ್ಲೆಯ ಯಾವ ವಿಲೇಜ್ ಆಫೀಸಿಗಾದರೂ ಹೋಗಿ ನೋಡಿ, ವರ್ಷಕ್ಕೊಮ್ಮೆ ಅಲ್ಲಿ ಹೆಂಗಸರದ್ದೇ ಒಂದು ಸಾಲು ನಿಲ್ಲುತ್ತದೆ. ಅರುವತ್ತು ತುಂಬದವರು. ಕೈಯಲ್ಲಿ ಆಧಾರ್, ರೇಶನ್ ಕಾರ್ಡು, ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕು ಮಡಿಕೆಯಾಗಿ ಕೂತ ಗಂಡನ ಮರಣ ಸರ್ಟಿಫಿಕೇಟ್. ಅವರು ಬಂದಿರುವುದು ಒಂದೇ ವಾಕ್ಯದ ಕಾಗದಕ್ಕಾಗಿ: ಈಕೆ ಮರುಮದುವೆಯಾಗಿಲ್ಲ. ವಿಲೇಜ್ ಆಫೀಸರ್ ಅಥವಾ ಯಾರಾದರೂ ಗೆಜೆಟೆಡ್ ಅಧಿಕಾರಿ ಸಹಿ ಹಾಕಿ ಸೀಲು ಒತ್ತಿದರೆ ಅದನ್ನು ಪಂಚಾಯತಿಗೆ ಕೊಡಬೇಕು. ಕೊಡದಿದ್ದರೆ ವಿಧವಾ ಪಿಂಚಣಿ ನಿಲ್ಲುತ್ತದೆ. ಐವತ್ತು ದಾಟಿದ ಅವಿವಾಹಿತೆಯರಿಗೂ ಇದೇ ಪಾಡು. ಅವರು ಇನ್ನೂ ಮದುವೆಯೇ ಆಗಿಲ್ಲ ಎಂದು ಬರೆಸಿಕೊಂಡು ಬರಬೇಕು.

ಇದರ ಜೊತೆಗೆ ಮಸ್ಟರಿಂಗ್ ಬೇರೆ. ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳೊತ್ತಿ ತಾನು ಬದುಕಿದ್ದೇನೆ ಎಂದು ತೋರಿಸಿಕೊಡಬೇಕು. ಅದಕ್ಕೆ 30 ರೂಪಾಯಿ, ಹಾಸಿಗೆ ಹಿಡಿದವರ ಮನೆಗೆ ಅವರೇ ಬಂದರೆ 50. ಬೆರಳೊತ್ತುವ ನಿಯಮ ಎಲ್ಲ ಪಿಂಚಣಿದಾರರಿಗೂ ಒಂದೇ. ಬದುಕಿರುವುದರ ಜೊತೆಗೆ ಒಂಟಿಯಾಗಿಯೂ ಇದ್ದೇನೆ ಎಂದು ವರ್ಷವರ್ಷವೂ ಸಾಬೀತು ಮಾಡಬೇಕಾದದ್ದು ಈ ಹೆಂಗಸರು ಮಾತ್ರ.

ಕೇರಳದ ಕ್ಷೇಮ ಪಿಂಚಣಿಗಳ ಬಗ್ಗೆ ನನಗೆ ಗೌರವವಿದೆ. ಸುಮಾರು 62 ಲಕ್ಷ ಜನರಿಗೆ ಒಂದು ರಾಜ್ಯ ತಿಂಗಳು ತಿಂಗಳು ಹಣ ಕೊಡುವುದು ಸಣ್ಣ ಮಾತಲ್ಲ. 2021ರಿಂದ 1,600 ರೂಪಾಯಿ ಇದ್ದದ್ದು 2025ರ ನವೆಂಬರಿನಿಂದ 2,000 ಆಗಿದೆ. ಬ್ಯಾಂಕಿಗೆ ಹೋಗಲಾಗದವರಿಗೆ ಸಹಕಾರಿ ಸಂಘದವರು ಮನೆ ಬಾಗಿಲಿಗೇ ತಂದು ಎಣಿಸಿ ಕೊಡುತ್ತಾರೆ. ಎಣ್ಮಕಜೆಯ ಗುಡ್ಡದ ಮೇಲಿನ ಮನೆಯೊಂದರಲ್ಲಿ ಆ ಎರಡು ಸಾವಿರಕ್ಕೆ ಎಷ್ಟು ಬೆಲೆ ಎಂಬುದು ಪೇಟೆಯಲ್ಲಿ ಕೂತವರ ಅಂದಾಜಿಗೆ ಸಿಗುವುದಿಲ್ಲ. ಅಷ್ಟು ಬೆಲೆ ಇರುವುದರಿಂದಲೇ ಅದನ್ನು ಕಿತ್ತುಕೊಳ್ಳುವ ನಿಯಮವನ್ನು ಹತ್ತಿರದಿಂದ ನೋಡಬೇಕು.

ವಿಧವಾ ಪಿಂಚಣಿಗೆ ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿ ಮೀರಬಾರದು. ಗಂಡ ತೀರಿಹೋಗಿರಬೇಕು, ಇಲ್ಲವೇ ನಾಪತ್ತೆಯಾಗಿ 7 ವರ್ಷ ಕಳೆದಿರಬೇಕು. ಇಲ್ಲಿಯವರೆಗಿನ ಪ್ರಶ್ನೆಗಳು ಆಕೆಯ ಅಗತ್ಯವನ್ನು ಅಳೆಯುತ್ತವೆ. ಮರುಮದುವೆಯ ಪ್ರಶ್ನೆ ಬಂದಲ್ಲಿ ಅಳತೆಗೋಲೇ ಬದಲಾಗುತ್ತದೆ. ಬಂದ ಗಂಡಸು ದುಡಿಯುತ್ತಾನೋ ಇಲ್ಲವೋ, ಆಕೆಯ ಮಕ್ಕಳ ಖರ್ಚು ನೋಡಿಕೊಳ್ಳುತ್ತಾನೋ ಇಲ್ಲವೋ, ಒಲೆಯ ಮೇಲಿನ ಪಾತ್ರೆಗೆ ಹೆಚ್ಚು ಅಕ್ಕಿ ಬಿತ್ತೋ ಅಥವಾ ಉಣ್ಣುವ ಬಾಯಿ ಒಂದು ಹೆಚ್ಚಾಯಿತೋ, ಇದನ್ನು ಯಾರೂ ಕೇಳುವುದಿಲ್ಲ. ಗಂಡ ಬಂದ, ಪಿಂಚಣಿ ಹೋಯಿತು. ಅಲ್ಲಿಗೆ ಕಡತ ಮುಚ್ಚಿತು.

ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ. ಮಂಜೇಶ್ವರ ತಾಲೂಕಿನಲ್ಲಿ ಅಂಥವಳನ್ನು ಹುಡುಕುವುದೇನೂ ಕಷ್ಟವಲ್ಲ. ವಯಸ್ಸು 38, ಗಂಡ ತೀರಿಹೋಗಿ ಐದು ವರ್ಷ, ಏಳನೇ ಕ್ಲಾಸಿನ ಮಗಳು, ಪ್ಲಸ್ ವನ್ ಓದುವ ಮಗ. ಬೀಡಿ ಕಟ್ಟುತ್ತಾಳೆ. ರಾತ್ರಿಯೇ ಎಲೆ ನೆನೆಸಿ ಇಡುತ್ತಾಳೆ. ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಟ ಮೇಲೆ ಗೆರಸೆ ಮಡಿಲಲ್ಲಿಟ್ಟು ಜಗಲಿಯಲ್ಲಿ ಕುಳಿತರೆ ತಗಡಿನ ಅಳತೆಗೆ ಎಲೆ ಕತ್ತರಿಸುವುದು, ಚಿಟಿಕೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತುವುದು, ತುದಿ ಮಡಚಿ ನೂಲು ಬಿಗಿಯುವುದು. ಕಟ್ಟು ತೆಗೆದುಕೊಂಡು ಬ್ರಾಂಚಿಗೆ ಹೋದರೆ ಅಲ್ಲಿ ಸರಿಯಿಲ್ಲದ್ದನ್ನು ಆರಿಸಿ ಬದಿಗೆ ಹಾಕುತ್ತಾರೆ, ಉಳಿದದ್ದಕ್ಕೆ ಕೂಲಿ. ಮಳೆಗಾಲದಲ್ಲಿ ಎಲೆ ಸರಿಯಾಗಿ ಸಿಗದಿದ್ದರೆ ಅದೂ ಇಲ್ಲ. ಹೀಗೆ ಏರಿಳಿಯುವ ಆದಾಯದ ನಡುವೆ ತಪ್ಪದೆ ಬರುವುದು ಪಿಂಚಣಿ ಒಂದೇ. ಅದೂ ಕೆಲವೊಮ್ಮೆ ಕೆಲವು ತಿಂಗಳು ಬಾಕಿಯಾಗಿ ಒಟ್ಟಿಗೆ ಬರುತ್ತದೆ. ಅಂಗಡಿಯವನು ಸಾಲ ಕೊಡುವುದು ಈ ಹಣ ಬಂದೇ ಬರುತ್ತದೆ ಎಂಬ ಧೈರ್ಯದಲ್ಲಿ.

ಇವಳ ಬದುಕಿಗೆ ಒಬ್ಬ ಬರುತ್ತಾನೆ. ಒಳ್ಳೆಯವನೇ. ಗಲ್ಫಿನಲ್ಲಿದ್ದವನು ಕೆಲಸ ಹೋಗಿ ಊರಿಗೆ ಬಂದಿದ್ದಾನೆ. ಇಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಸೊಂಟ ಹಿಡಿದ ಮೇಲೆ ಅದೂ ಇಲ್ಲ. ಮಕ್ಕಳಿಗೆ ಅವನೆಂದರೆ ಪ್ರೀತಿ. ಒಟ್ಟಿಗೆ ಇರೋಣ ಎಂದು ಇಬ್ಬರೂ ಆಸೆಪಡುತ್ತಾರೆ. ಆಗ ಮೊದಲು ಬರುವ ಮಾತು ಜಾತಿಯದ್ದೂ ಅಲ್ಲ, ಮನೆಯವರ ಒಪ್ಪಿಗೆಯದ್ದೂ ಅಲ್ಲ. ನೆರೆಮನೆಯ ಅಕ್ಕ ಕೇಳುವುದು ಇಷ್ಟು: “ಪೆನ್ಶನ್ ಕಟ್ ಆಗ್ತದಲ್ಲ, ಯೋಚನೆ ಮಾಡಿದ್ದೀಯಾ?”

ಲೆಕ್ಕ ಹಾಕಿ. ವರ್ಷಕ್ಕೆ 24,000 ರೂಪಾಯಿ ಹೋಗುತ್ತದೆ. ಬಂದವನ ಸಂಪಾದನೆ ಸೊನ್ನೆ. ಮದುವೆಯ ಮರುದಿನ ಆ ಮನೆ ಹಿಂದಿನ ದಿನಕ್ಕಿಂತ ಬಡವಾಗಿದೆ.

ಇದೇ ಸರ್ಕಾರದ ಇನ್ನೊಂದು ಇಲಾಖೆ ಇವಳ ಮದುವೆಗೆ ಸಹಾಯಧನ ಕೊಡುತ್ತದೆ. ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ‘ಮಂಗಲ್ಯ’ ಯೋಜನೆ ಅದು. ಬಿಪಿಎಲ್ ಕುಟುಂಬದ, 18ರಿಂದ 50 ವರ್ಷದೊಳಗಿನ ವಿಧವೆಯರು ಮತ್ತು ವಿಚ್ಛೇದಿತೆಯರು ಮರುಮದುವೆಯಾದರೆ ಒಂದು ಸಲ 25,000 ರೂಪಾಯಿ. ಉದ್ದೇಶ ಒಳ್ಳೆಯದು, ವಿಧವಾ ವಿವಾಹಕ್ಕೆ ಸರ್ಕಾರ ಬೆಂಬಲವಾಗಿ ನಿಂತಿದೆ ಎಂದು ಹೇಳುವ ಯೋಜನೆ. ಆದರೆ ಪಿಂಚಣಿಯ ಲೆಕ್ಕದಲ್ಲಿ ಆ 25,000 ಹನ್ನೆರಡೂವರೆ ತಿಂಗಳಿಗೆ ಸಮ. ಹದಿಮೂರನೆಯ ತಿಂಗಳಿನಿಂದ ಅವಳಿಗೆ ನಷ್ಟವೇ. ಒಂದು ಇಲಾಖೆ ಮದುವೆಯಾಗು ಎಂದು ಹಣ ಕೊಟ್ಟರೆ ಇನ್ನೊಂದು ಇಲಾಖೆ ಮದುವೆಯಾದದ್ದಕ್ಕೆ ಹಣ ಹಿಡಿಯುತ್ತದೆ. ಎರಡೂ ತಿರುವನಂತಪುರದ ಒಂದೇ ಸೆಕ್ರೆಟರಿಯೇಟಿನಿಂದ ಹೊರಟ ಆದೇಶಗಳು.

ಇಂಥ ಲೆಕ್ಕದೆದುರು ಬಡ ಹೆಂಗಸು ಏನು ಮಾಡುತ್ತಾಳೆ ಎಂದು ಊಹಿಸಲು ಸಮೀಕ್ಷೆ ಬೇಕಿಲ್ಲ. ಕೆಲವರು ಆ ಆಸೆಯನ್ನೇ ಬಿಡುತ್ತಾರೆ. ಕೆಲವರು ಮದುವೆಯನ್ನು ದಾಖಲೆಗೆ ತಾರದೆ ಒಟ್ಟಿಗಿರುತ್ತಾರೆ. ಎರಡನೆಯ ದಾರಿ ಸುಲಭವೆಂದು ತೋರಿದರೂ ಅದರ ಬೆಲೆಯನ್ನು ಹೆಂಗಸೇ ಕೊಡಬೇಕು. ನೋಂದಣಿ ಇಲ್ಲದ ಮದುವೆಯಲ್ಲಿ ನಾಳೆ ಅವನು ಸತ್ತರೆ ಅವನ ಹೆಸರಿನ ಐದು ಸೆಂಟ್ಸ್ ಜಾಗಕ್ಕೆ ಅವಳು ಕೋರ್ಟು ಹತ್ತಬೇಕು. ವಿಮೆಗೆ, ಕ್ಷೇಮನಿಧಿಗೆ ಅವಳ ಹೆಸರಿರುವುದಿಲ್ಲ. ಅವನು ಬಿಟ್ಟುಹೋದರೆ ಜೀವನಾಂಶ ಕೇಳಲು ಹೆಂಡತಿ ಎಂಬ ಪುರಾವೆ ಬೇಕು, ಆ ಪುರಾವೆಯನ್ನು ಪಿಂಚಣಿಗಾಗಿ ಇವಳೇ ಇಲ್ಲವಾಗಿಸಿಕೊಂಡಿರುತ್ತಾಳೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನು ಮದುವೆಯಂಥ ಸಂಬಂಧದಲ್ಲಿ ಬಾಳಿದವಳಿಗೂ ರಕ್ಷಣೆ ಕೊಡುತ್ತದೆ, ನಿಜ. ಆದರೆ ಏಟು ತಿಂದವಳು ಠಾಣೆಗೆ ಹೋಗಿ “ಇವನ ಜೊತೆ ಸಂಸಾರ ಮಾಡುತ್ತಿದ್ದೇನೆ” ಎಂದು ಹೇಳಿಕೆ ಕೊಟ್ಟರೆ ಅದೇ ಹೇಳಿಕೆ ಪಿಂಚಣಿಗೆ ಮುಳುವು. ಹಾಗಾಗಿ ಏಟನ್ನೂ ನುಂಗಿಕೊಳ್ಳುತ್ತಾಳೆ. ಈ ನಿಯಮದಿಂದ ಆಗುವ ಅತಿ ದೊಡ್ಡ ಕೇಡು ಇದು.

ಮೇಲಿಂದ ನೆರೆಹೊರೆಯ ಕಣ್ಣು. ಬೇಲಿಯ ಜಗಳ ಆದವರು, ಕುಟುಂಬಶ್ರೀ ಸಂಘದಲ್ಲಿ ಮನಸ್ತಾಪ ಆದವರು ಪಂಚಾಯತಿಗೆ ಒಂದು ಹೆಸರಿಲ್ಲದ ಅರ್ಜಿ ಹಾಕಿದರೆ ಸಾಕು. ತನಿಖೆ ಎಂದರೆ ಅಂಗಳದಲ್ಲಿ ಗಂಡಸಿನ ಅಂಗಿ ಒಣಗುತ್ತಿದೆಯೇ ಎಂದು ನೋಡುವ ಮಟ್ಟಕ್ಕೆ ಇಳಿಯುತ್ತದೆ. ಅನರ್ಹವಾಗಿ ಪಡೆದ ಹಣವನ್ನು ಮರಳಿ ಕಟ್ಟಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕಿದೆ. 2024ರ ನವೆಂಬರಿನಲ್ಲಿ 1,458 ಸರ್ಕಾರಿ ನೌಕರರು ಕ್ಷೇಮ ಪಿಂಚಣಿ ಪಡೆಯುತ್ತಿದ್ದಾರೆ ಎಂದು ಬೆಳಕಿಗೆ ಬಂದಾಗ ಶೇ 18 ಬಡ್ಡಿ ಸಮೇತ ವಸೂಲಿಗೆ ಆದೇಶವಾಯಿತು. ಅದು ಸರಿಯಾದ ಆದೇಶ. ಸಂಬಳ ಎಣಿಸುವವರು ಬಡವರ ಪಾಲಿಗೆ ಕೈ ಹಾಕಿದ್ದು ಕಳ್ಳತನವೇ. ಆದರೆ ಸಂಪಾದನೆಯಿಲ್ಲದ ಗಂಡಸಿನ ಜೊತೆ ಬಾಳಿದ ಬೀಡಿ ಕಟ್ಟುವವಳನ್ನೂ ಅದೇ ಅನರ್ಹರ ಪಟ್ಟಿಗೆ ಸೇರಿಸುವ ನಿಯಮ ಯಾವ ನ್ಯಾಯ?

ಮದುವೆಯಾಗದೆ ತಾಯಿಯಾದವರ ಮಟ್ಟಿಗೆ ನಿಯಮ ಇನ್ನೂ ನೇರವಾಗಿ ಬರೆದುಕೊಂಡಿದೆ. ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ‘ಸ್ನೇಹಸ್ಪರ್ಶಂ’ ಎಂಬ ಯೋಜನೆಯಲ್ಲಿ ಅವಿವಾಹಿತ ತಾಯಂದಿರಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಮೋಸಹೋಗಿ, ಮನೆಯವರಿಂದಲೂ ದೂರವಾಗಿ ಮಗುವನ್ನು ಸಾಕುವವರಿಗೆ ಆಸರೆಯಾಗಲು ಮಾಡಿದ ಯೋಜನೆ. ಅದರಲ್ಲಿ ಮದುವೆಯಾದವರಿಗೆ ಮಾತ್ರವಲ್ಲ, ಯಾರ ಜೊತೆಗಾದರೂ ಕುಟುಂಬವಾಗಿ ಬಾಳುವವರಿಗೂ ಅರ್ಹತೆ ಇಲ್ಲ. ಅಂದರೆ ತಾಳಿ, ನೋಂದಣಿ, ಸಹಿ ಯಾವುದೂ ಬೇಡ, ಗಂಡಸೊಬ್ಬ ಮನೆಯಲ್ಲಿದ್ದರೆ ಮುಗಿಯಿತು. ಅವನಿಗೆ ಕೆಲಸ ಇದೆಯೇ ಎಂದು ಇಲ್ಲಿಯೂ ಕೇಳುವುದಿಲ್ಲ. ಮಗು ಅವನದಲ್ಲ, ಸಾಕುವ ಹೊಣೆ ಕಾನೂನಿನಲ್ಲಿ ಅವನ ಮೇಲಿಲ್ಲ. ಆದರೂ ಅವನ ನೆರಳು ಬಿದ್ದರೆ ಮಗುವಿನ ಹಾಲಿನ ಹಣ ನಿಲ್ಲುತ್ತದೆ.

“ನಾವು ಮದುವೆಯಾಗಿಲ್ಲ, ಸುಮ್ಮನೆ ಒಟ್ಟಿಗೆ ಇದ್ದೇವೆ” ಎಂಬ ಮಾತು ವಿಧವಾ ಪಿಂಚಣಿಯವರನ್ನಾದರೂ ಕಾಪಾಡುತ್ತದೆಯೇ? ಬಹಳ ಕಾಲ ಕಾಪಾಡದು ಎಂದೇ ನನ್ನ ಅಭಿಪ್ರಾಯ. 2022ರ ಜೂನ್ 13ರಂದು ಸುಪ್ರೀಂ ಕೋರ್ಟು ಕೇರಳದ್ದೇ ಒಂದು ಆಸ್ತಿ ವ್ಯಾಜ್ಯದಲ್ಲಿ ತೀರ್ಪು ಕೊಟ್ಟಿತು. ಗಂಡು ಹೆಣ್ಣು ದೀರ್ಘಕಾಲ ಗಂಡ ಹೆಂಡಿರಂತೆ ಬಾಳಿದ್ದರೆ ಅವರ ನಡುವೆ ಮದುವೆ ಆಗಿದೆ ಎಂದೇ ಕಾನೂನು ಭಾವಿಸುತ್ತದೆ, ಆಗಿಲ್ಲ ಎನ್ನುವವರೇ ಅದನ್ನು ಸಾಧಿಸಬೇಕು ಎಂದಿತು. ಪೀಠದಲ್ಲಿದ್ದವರು ನಮ್ಮ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಮತ್ತು ವಿಕ್ರಮ್ ನಾಥ್. ಅಂಥ ಸಂಬಂಧದ ಮಕ್ಕಳಿಗೆ ಆಸ್ತಿ ಹಕ್ಕು ದೊರಕಿಸಿದ ಒಳ್ಳೆಯ ತೀರ್ಪದು. ಆದರೆ ಮಕ್ಕಳ ಪಾಲಿಗೆ ವರವಾದ ಅದೇ ತರ್ಕವನ್ನು ಪಂಚಾಯತ್ ಕಾರ್ಯದರ್ಶಿ ತಾಯಿಯ ಪಿಂಚಣಿಗೆ ಅನ್ವಯಿಸಲು ಹೊರಟರೆ ಅವಳ ಕೈಯಲ್ಲಿ ಉತ್ತರವಿಲ್ಲ.

ತುಳುನಾಡಿನ ಹೆಣ್ಣಿಗೆ ಈ ಕಟ್ಟು ಹೊಸತು ಎಂದರೆ ತಪ್ಪಾಗದು. ಅಳಿಯಸಂತಾನದ ಕಾಲದಲ್ಲಿ ಬಂಟರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿ ಹೆಣ್ಣಿನ ಅನ್ನ ಗಂಡನಿಂದ ಬರುತ್ತಿರಲಿಲ್ಲ, ತಾಯಿಮನೆಯ ಕುಟುಂಬದಿಂದ ಬರುತ್ತಿತ್ತು. ಗಂಡ ಸತ್ತರೆ, ಸಂಬಂಧ ಮುರಿದರೆ ಬುಡುದಾರೆಯಲ್ಲಿ ಇನ್ನೊಬ್ಬನನ್ನು ಕೂಡಿಕೊಳ್ಳಬಹುದಿತ್ತು. ಹಾಗೆ ಕೂಡಿಕೊಂಡಾಗ ತರವಾಡಿನಲ್ಲಿ ಅವಳ ಪಾಲಿನ ಅಕ್ಕಿ ನಿಲ್ಲುತ್ತಿರಲಿಲ್ಲ. ಆ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಯಜಮಾನನಾದ ಸೋದರಮಾವನ ದರ್ಬಾರು ಎಷ್ಟೋ ಹೆಂಗಸರ ಕಣ್ಣೀರಿಗೆ ಕಾರಣವಾಗಿದೆ. ಕೇರಳದಲ್ಲಿ 1975ರ ಕಾನೂನಿನಿಂದ ಅವಿಭಕ್ತ ಕುಟುಂಬ ಪದ್ಧತಿಯೇ ಹೋಯಿತು. ಆದರೆ ಹೆಣ್ಣಿನ ಹೊಟ್ಟೆಪಾಡನ್ನೂ ಅವಳು ಯಾರ ಜೊತೆ ಬಾಳುತ್ತಾಳೆ ಎಂಬುದನ್ನೂ ಬೇರೆಬೇರೆ ಇಡಬಹುದು ಎಂಬ ತಿಳಿವಳಿಕೆ ಈ ಮಣ್ಣಿನಲ್ಲಿ ಇತ್ತು.

ಅವೆರಡನ್ನೂ ಗಂಟು ಹಾಕಿದ್ದು ಬೇರೆ ಸಂಪ್ರದಾಯ. 1856ರ ವಿಧವಾ ಪುನರ್ವಿವಾಹ ಕಾನೂನು ಹಿಂದೂ ವಿಧವೆಗೆ ಮತ್ತೆ ಮದುವೆಯಾಗಲು ಅನುಮತಿ ಕೊಟ್ಟಿತು. ಅದೇ ಕಾನೂನಿನ ಎರಡನೆಯ ಕಲಮು ಮದುವೆಯಾದವಳು ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕು ಕಳೆದುಕೊಳ್ಳುತ್ತಾಳೆ ಎಂದಿತು. 1899ರಲ್ಲಿ ಮಂಗಳೂರಿನಿಂದ ಹೊರಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿಯಲ್ಲಿ ಎಳೆಯ ವಿಧವೆ ಓದಿ, ಮರುಮದುವೆಯಾಗಿ ಬಾಳು ಕಟ್ಟಿಕೊಂಡಾಗ ಆ ಕಾಲದ ಓದುಗರು ಬೆಚ್ಚಿದರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯ ವಸ್ತುವೇ ಅದು. ಆಮೇಲೆ ಆ ಕಾನೂನೂ ರದ್ದಾಯಿತು, ಮರುಮದುವೆಯಾದವಳ ಆಸ್ತಿ ಹಕ್ಕನ್ನು ತಡೆಯುತ್ತಿದ್ದ ಹಿಂದೂ ಉತ್ತರಾಧಿಕಾರ ಕಾನೂನಿನ 24ನೇ ಕಲಮು 2005ರಲ್ಲಿ ಹೋಯಿತು. ಆಸ್ತಿ ಇದ್ದವರ ಮನೆಯಲ್ಲಿ ಹಳೆಯ ದಂಡನೆ ಮುಗಿಯಿತು. ಆಸ್ತಿ ಇಲ್ಲದವಳ ಎರಡು ಸಾವಿರದ ಮೇಲೆ ಮಾತ್ರ ಅದು ಇನ್ನೂ ಕುಳಿತಿದೆ.

ಬೇರೆ ಪಿಂಚಣಿಗಳಲ್ಲಿ ಏನು ಮಾಡಿದ್ದಾರೆ ನೋಡಿ. ಕೇಂದ್ರ ಸರ್ಕಾರಿ ನೌಕರನ ಮಕ್ಕಳಿಲ್ಲದ ವಿಧವೆ ಮರುಮದುವೆಯಾದರೂ ಕುಟುಂಬ ಪಿಂಚಣಿ ಮುಂದುವರಿಯುತ್ತದೆ, ಅವಳ ಸ್ವಂತ ಆದಾಯ ಕನಿಷ್ಠ ಕುಟುಂಬ ಪಿಂಚಣಿಯ ಮಟ್ಟ ಮುಟ್ಟುವವರೆಗೆ. ಅಲ್ಲಿ ಗಂಡಸು ಇದ್ದಾನೆಯೇ ಎಂಬುದನ್ನು ಬಿಟ್ಟು ಅವಳ ಕೈಯಲ್ಲಿ ದುಡ್ಡು ಎಷ್ಟಿದೆ ಎಂದು ಕೇಳಿದರು. ಸೈನಿಕರ ಶೌರ್ಯ ಪದಕದ ಭತ್ಯೆಗೆ ಒಂದು ವಿಚಿತ್ರ ಷರತ್ತಿತ್ತು. ಹುತಾತ್ಮನ ವಿಧವೆ ಮತ್ತೆ ಮದುವೆಯಾದರೆ ಭತ್ಯೆ ನಿಲ್ಲುತ್ತದೆ, ಮೈದುನನನ್ನೋ ಭಾವನನ್ನೋ ಆದರೆ ಮಾತ್ರ ಮುಂದುವರಿಯುತ್ತದೆ! ಅವಳು ಯಾರನ್ನು ಕಟ್ಟಿಕೊಳ್ಳಬೇಕು ಎಂದು ಭತ್ಯೆಯ ಆದೇಶ ಹೇಳುತ್ತಿತ್ತು. 2017ರ ನವೆಂಬರಿನಲ್ಲಿ ರಕ್ಷಣಾ ಸಚಿವಾಲಯ ಆ ಷರತ್ತನ್ನು ತೆಗೆದುಹಾಕಿತು. ಭವಿಷ್ಯನಿಧಿಗೆ ಸೇರಿದ ಕಾರ್ಮಿಕರ 1995ರ ಪಿಂಚಣಿ ಯೋಜನೆಯಲ್ಲಿ ವಿಧವೆ ಮರುಮದುವೆಯಾದರೆ ಅವಳ ಪಿಂಚಣಿ ನಿಂತರೂ ಮಕ್ಕಳಿಗೆ ಅನಾಥರ ದರದಲ್ಲಿ, ಅಂದರೆ ಹೆಚ್ಚಿನ ದರದಲ್ಲಿ ಹಣ ಬರುತ್ತದೆ. ಬೀಡಿ ಕಂಪೆನಿಯ ಪಿಎಫ್ ಇದ್ದ ಮನೆಗಳವರು ಇದನ್ನು ಗಮನಿಸಬೇಕು. ಮಕ್ಕಳ ಪಾಲು ಕೇಳಿ ಪಡೆಯಬೇಕಾದದ್ದು, ತಾನಾಗಿ ಮನೆಗೆ ಬರುವುದಿಲ್ಲ. ಒಟ್ಟಿನಲ್ಲಿ ಸಂಬಳದ ನೌಕರಿ ಇದ್ದವನ ವಿಧವೆಗೆ, ಸಮವಸ್ತ್ರ ತೊಟ್ಟವನ ವಿಧವೆಗೆ ಬಾಗಿಲು ಸ್ವಲ್ಪವಾದರೂ ತೆರೆದಿದೆ. ಕೂಲಿಯವನ ವಿಧವೆಗೆ ಮುಚ್ಚಿದ್ದು ಮುಚ್ಚಿದ್ದೇ.

ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನೆದುರು 1968ರಲ್ಲಿ ಬಂದಿತ್ತು. ಅಲಬಾಮಾ ರಾಜ್ಯದ ಸೆಲ್ಮಾ ಪಟ್ಟಣದ ಕಪ್ಪು ವಿಧವೆ ಶ್ರೀಮತಿ ಸ್ಮಿತ್. ನಾಲ್ಕು ಮಕ್ಕಳು. ಬೆಳಗಿನ ಜಾವ ಮೂರೂವರೆಯಿಂದ ಮಧ್ಯಾಹ್ನದವರೆಗೆ ಹೋಟೆಲಿನಲ್ಲಿ ಅಡುಗೆ, ಬಡಿಸುವ ಕೆಲಸ. ವಾರಕ್ಕೆ 16ರಿಂದ 20 ಡಾಲರು ಕೂಲಿ. ವಾರದ ಕೊನೆಯಲ್ಲಿ ಒಬ್ಬ ಗಂಡಸು ಅವಳ ಮನೆಗೆ ಬರುತ್ತಾನೆ ಎಂಬ ಕಾರಣಕ್ಕೆ, ಅವನನ್ನು ಮಕ್ಕಳ ‘ಬದಲಿ ತಂದೆ’ ಎಂದು ಪರಿಗಣಿಸಿ ರಾಜ್ಯ ಸಹಾಯಧನ ನಿಲ್ಲಿಸಿತು. ಅವನಿಗೋ ಸ್ವಂತ ಹೆಂಡತಿ ಮತ್ತು ಒಂಬತ್ತು ಮಕ್ಕಳು. ಇವಳ ಮಕ್ಕಳನ್ನು ಸಾಕಲು ಅವನಿಗೆ ಶಕ್ತಿಯೂ ಇಲ್ಲ, ಕಾನೂನಿನ ಹೊಣೆಯೂ ಇಲ್ಲ. ನ್ಯಾಯಾಧೀಶರೆಲ್ಲ ಒಮ್ಮತದಿಂದ ರಾಜ್ಯದ ನಿಯಮವನ್ನು ತಳ್ಳಿಹಾಕಿದರು. ಸಾಕುವ ಹೊಣೆ ಇಲ್ಲದವನನ್ನು ತಂದೆ ಎಂದು ಕರೆದು ಮಕ್ಕಳ ಅನ್ನ ಕಿತ್ತುಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಬ್ರಿಟನ್ನಿನಲ್ಲಿ ಇಂದಿಗೂ ಜೊತೆಯಾಗಿ ಬಾಳುವವರು, ಮದುವೆಯಾಗಿರಲಿ ಬಿಡಲಿ, ಯೂನಿವರ್ಸಲ್ ಕ್ರೆಡಿಟ್ ಎಂಬ ಸಹಾಯಕ್ಕೆ ಒಟ್ಟಿಗೆ ಅರ್ಜಿ ಹಾಕಬೇಕು. ಅದರಲ್ಲೂ ಕಿರಿಕಿರಿ ಉಂಟು. ಆದರೆ ಬಂದವನು ನಿರುದ್ಯೋಗಿಯಾದರೆ ಅವನನ್ನೂ ಲೆಕ್ಕಕ್ಕೆ ಹಿಡಿದು ಇಬ್ಬರ ಮತ್ತು ಮಕ್ಕಳ ಪಾಲು ಗೊತ್ತುಮಾಡುತ್ತಾರೆ. ಸೊನ್ನೆಗೆ ಇಳಿಸುವುದಿಲ್ಲ.

ದೂರ ಹೋಗುವುದು ಬೇಡ, ತಲಪಾಡಿ ದಾಟಿದರೆ ಸಾಕು. ಕರ್ನಾಟಕದ ವಿಧವಾ ವೇತನ 800 ರೂಪಾಯಿ, ಕೇರಳದ ಮುಂದೆ ಅದು ಏನೂ ಅಲ್ಲ. ಅವಿವಾಹಿತೆ, ವಿಚ್ಛೇದಿತೆಯರಿಗೆ ‘ಮನಸ್ವಿನಿ’ಯಲ್ಲಿಯೂ ಅಷ್ಟೇ. ಆದರೆ 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಗೆ ಬರುತ್ತದೆ. ಅವಳಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು ಎಂಬುದು ಷರತ್ತು. ಗಂಡ ಇದ್ದಾನೆಯೇ, ಎಷ್ಟನೆಯವನು ಎಂದು ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಮಂಜೇಶ್ವರದವಳಿಗೆ ಕೊಣಾಜೆಯಲ್ಲಿ ಅಕ್ಕತಂಗಿಯರಿರುತ್ತಾರೆ. ಮದುವೆ, ಪೂಜೆ, ಕೋಲಗಳಲ್ಲಿ ಸೇರಿದಾಗ ಹೆಂಗಸರು ಈ ಮಾತು ಆಡಿಕೊಳ್ಳುತ್ತಾರೆ, ಗಡಿಯ ಈಚೆಯ ನಿಯಮ ಅವರಿಗೆ ಅರ್ಥವಾಗುವುದಿಲ್ಲ.

ಕೇರಳ ಸರ್ಕಾರಕ್ಕೆ ಇದು ಅರ್ಥವಾಗದ ವಿಷಯವೇನಲ್ಲ. ತನ್ನದೇ ಇತರ ಯೋಜನೆಗಳಲ್ಲಿ ಅದು ಸರಿಯಾಗಿ ಯೋಚಿಸಿದೆ. ಸ್ತ್ರೀಯರು ಯಜಮಾನಿಯರಾಗಿರುವ ಕುಟುಂಬಗಳ ಮಕ್ಕಳಿಗೆ ವಿದ್ಯಾಭ್ಯಾಸ ಸಹಾಯ ಕೊಡುವ ಯೋಜನೆಯೊಂದಿದೆ. ಐದನೇ ಕ್ಲಾಸಿನವರೆಗೆ ವರ್ಷಕ್ಕೆ 3,000, ಹತ್ತರವರೆಗೆ 5,000, ಪ್ಲಸ್ ಟುವಿಗೆ 7,500, ಪದವಿಗೆ 10,000 ರೂಪಾಯಿ. ಅಲ್ಲಿ ಗಂಡ ಬಿಟ್ಟುಹೋದವರು, ವಿಚ್ಛೇದಿತೆಯರು, ಮದುವೆಯಾಗದ ತಾಯಂದಿರು ಮಾತ್ರವಲ್ಲ, ಬೆನ್ನುಮೂಳೆ ಮುರಿದೋ ಪಾರ್ಶ್ವವಾಯು ಬಡಿದೋ ದುಡಿಯಲಾರದೆ ಹಾಸಿಗೆ ಹಿಡಿದ ಗಂಡನಿರುವ ಹೆಂಗಸರೂ ಸೇರುತ್ತಾರೆ. ಗಂಡಸು ಮನೆಯಲ್ಲಿದ್ದಾನೆ, ಸಂಪಾದನೆ ಇಲ್ಲ, ಆದ್ದರಿಂದ ಮನೆಯ ಭಾರ ಹೆಂಗಸಿನ ಮೇಲೆಯೇ ಇದೆ ಎಂದು ಸರ್ಕಾರವೇ ಒಪ್ಪಿಕೊಂಡು ಬರೆದ ಮಾತಿದು. ವಿಧವಾ ಪಿಂಚಣಿಗೆ ಇದೇ ಮಾತನ್ನು ಬರೆಯಲು ಏನು ಅಡ್ಡಿ?

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಉದಾಹರಣೆ ಕಣ್ಣೆದುರೇ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಫಲ ಉಂಡ ಪಡ್ರೆ, ಸ್ವರ್ಗ, ಬೆಳ್ಳೂರು, ಕುಂಬ್ಡಾಜೆಗಳ ಮನೆಗಳಲ್ಲಿ ಮೂವತ್ತು ದಾಟಿದ ಮಕ್ಕಳನ್ನು ಇನ್ನೂ ಎತ್ತಿ ಸ್ನಾನ ಮಾಡಿಸುವ ತಾಯಂದಿರಿದ್ದಾರೆ. ಮಗುವಿನ ಸ್ಥಿತಿ ನೋಡಿ ಮನೆಬಿಟ್ಟ ಗಂಡಂದಿರೂ ಇದ್ದಾರೆ. ‘ಸ್ನೇಹಸಾಂತ್ವನಂ’ ಯೋಜನೆಯಲ್ಲಿ ಸಂತ್ರಸ್ತರಿಗೆ ಅವರವರ ಸ್ಥಿತಿಯಂತೆ 2,200, 1,700, 1,200 ರೂಪಾಯಿ ಪಿಂಚಣಿ ಗೊತ್ತಾಗಿದೆ. ಅದು ಸಾಕಾಗುವುದಿಲ್ಲ, ಸಮಯಕ್ಕೆ ಬರುವುದೂ ಇಲ್ಲ. 2019ರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೋಗಿ ಸೆಕ್ರೆಟರಿಯೇಟಿನ ಎದುರು ಉಪವಾಸ ಕೂತದ್ದು ಎಲ್ಲರಿಗೂ ನೆನಪಿದೆ. ಆದರೆ ಆ ಹಣ ಮಗುವಿನ ಹೆಸರಿನಲ್ಲಿದೆ. ತಾಯಿ ಯಾರ ಜೊತೆ ಬಾಳುತ್ತಾಳೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಷ್ಟ ಎಲ್ಲಿದೆಯೋ ಅಲ್ಲಿಗೆ ಹಣವನ್ನು ಕಟ್ಟಿದ್ದಾರೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೆಲಸವಿಲ್ಲದ ಗಂಡನಿರುವ, ಮೊದಲ ಮದುವೆಯ ಬಡ ಹೆಂಗಸಿಗೆ ಪಿಂಚಣಿ ಇಲ್ಲ. ಮರುಮದುವೆಯಾದವಳಿಗೆ ಮಾತ್ರ ಯಾಕೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಅದರ ಉತ್ತರ ಇಬ್ಬರಿಗೂ ಇಲ್ಲ ಎನ್ನುವುದಲ್ಲ. 2025ರ ಅಕ್ಟೋಬರಿನಲ್ಲಿ ಸರ್ಕಾರ ಪಿಂಚಣಿ ಏರಿಸಿದ ದಿನವೇ ‘ಸ್ತ್ರೀ ಸುರಕ್ಷೆ’ ಎಂಬ ಇನ್ನೊಂದು ಯೋಜನೆಯನ್ನೂ ಘೋಷಿಸಿತು. ಹಳದಿ ಮತ್ತು ಗುಲಾಬಿ ರೇಶನ್ ಕಾರ್ಡಿನ, ಬೇರೆ ಯಾವ ಕ್ಷೇಮ ಪಿಂಚಣಿಯೂ ಇಲ್ಲದ, 35ರಿಂದ 60 ವರ್ಷದ ಸ್ತ್ರೀಯರಿಗೆ ತಿಂಗಳಿಗೆ 1,000 ರೂಪಾಯಿ. ಇಲ್ಲಿ ಗಂಡ ಇದ್ದಾನೋ ಇಲ್ಲವೋ ಎಂಬುದು ಅರ್ಹತೆಯಲ್ಲ. ಹಾಗಾಗಿ ನಮ್ಮ ಬೀಡಿಯವಳು ಮದುವೆಯಾದರೆ 2,000 ಹೋದರೂ 1,000ಕ್ಕೆ ಅರ್ಜಿ ಹಾಕಬಹುದು. ವಯಸ್ಸು 35 ತುಂಬದವಳಿಗೆ ಅದೂ ಇಲ್ಲ, ಮತ್ತೆ ಬಾಳು ಕಟ್ಟುವ ಆಸೆ ಹೆಚ್ಚಾಗಿ ಇರುವುದು ಆ ವಯಸ್ಸಿನಲ್ಲೇ.

ತಿದ್ದುವುದು ಅಸಾಧ್ಯವೇನಲ್ಲ. ರಾಷ್ಟ್ರೀಯ ವಿಧವಾ ಪಿಂಚಣಿಯಲ್ಲಿ ಕೇಂದ್ರದ ಪಾಲು ಬಿಪಿಎಲ್ ಕುಟುಂಬದ 40ರಿಂದ 79 ವರ್ಷದವರಿಗೆ ತಿಂಗಳಿಗೆ ಬರೀ 300 ರೂಪಾಯಿ, 2012ರಿಂದ ಅದು ಒಂದು ರೂಪಾಯಿಯೂ ಏರಿಲ್ಲ. ಮರುಮದುವೆಯಾದರೆ ನಿಲ್ಲಿಸಬೇಕೆಂಬ ಕೇಂದ್ರದ ಮಾರ್ಗಸೂಚಿ ಹಿಡಿದುಕೊಂಡಿರುವುದು ಆ 300ನ್ನು. ಉಳಿದ 1,700 ರಾಜ್ಯದ್ದು. ನಲ್ವತ್ತರ ಒಳಗಿನ ವಿಧವೆಗಾದರೆ 2,000ವೂ ರಾಜ್ಯದ್ದೇ. ತನ್ನ ಹಣಕ್ಕೆ ತಾನೇ ನಿಯಮ ಮಾಡಲು ತಿರುವನಂತಪುರ ದಿಲ್ಲಿಯ ಅಪ್ಪಣೆ ಕೇಳಬೇಕಾಗಿಲ್ಲ. ಒಂದು ಲಕ್ಷದ ಆದಾಯ ಮಿತಿ ಈಗಾಗಲೇ ಇದೆಯಲ್ಲ, ಮರುಮದುವೆಯಾದ ಮೇಲೆ ಇಬ್ಬರ ಆದಾಯ ಸೇರಿಸಿ ಅದೇ ಮಿತಿಗೆ ಹಿಡಿದು ನೋಡಲಿ. ಮೀರಿದರೆ ನಿಲ್ಲಿಸಲಿ, ಮೀರದಿದ್ದರೆ ಮಕ್ಕಳಿಗೆ ಹದಿನೆಂಟು ಆಗುವವರೆಗಾದರೂ ಕೊಡಲಿ. ಅದಕ್ಕೂ ಮನಸ್ಸಿಲ್ಲದಿದ್ದರೆ ಭವಿಷ್ಯನಿಧಿಯವರು ಮಾಡಿದಂತೆ ಹಣವನ್ನು ಮಕ್ಕಳ ಹೆಸರಿಗೆ ಬದಲಾಯಿಸಲಿ. ಸ್ನೇಹಸ್ಪರ್ಶಂ ಯೋಜನೆಯಿಂದ ‘ಕುಟುಂಬವಾಗಿ ಬಾಳುವವರು’ ಎಂಬ ಮಾತನ್ನು ತೆಗೆದು, ಮಗುವನ್ನು ಸಾಕುವ ಕಾನೂನಿನ ಹೊಣೆ ಯಾರ ಮೇಲಿದೆ ಎಂದು ಕೇಳಲಿ.

ನಿಯಮ ತಿದ್ದುವವರೆಗೆ, ಈ ಯೋಚನೆಯಲ್ಲಿರುವ ಹೆಂಗಸರಿಗೆ ಒಂದೆರಡು ಮಾತು. ಮದುವೆಯಾಗುವುದಾದರೆ ನೋಂದಣಿ ಮಾಡಿಸಿಕೊಳ್ಳಿ. ಪಿಂಚಣಿ ಹೋಗುತ್ತದೆಂದು ಅದನ್ನು ಬಿಟ್ಟರೆ ಕಳೆದುಕೊಳ್ಳುವುದು ಇನ್ನೂ ಹೆಚ್ಚು. ಪಂಚಾಯತಿಗೆ ನೀವೇ ಬರೆದು ತಿಳಿಸಿ, ತಿಳಿಸಿದ್ದಕ್ಕೆ ರಶೀದಿ ಪಡೆಯಿರಿ. ಮುಚ್ಚಿಟ್ಟು ಪಡೆದ ಹಣ ಮುಂದೆ ವಸೂಲಿ ನೋಟೀಸಾಗಿ ಬಂದರೆ ಕಟ್ಟಲಾಗದು. ಮಂಗಲ್ಯದ ಅರ್ಜಿಯನ್ನು ಮದುವೆಯಾಗಿ ಆರು ತಿಂಗಳೊಳಗೆ ಕೊಡಬೇಕು, ಅಂಗನವಾಡಿ ಟೀಚರಲ್ಲಿ ಅಥವಾ ಐಸಿಡಿಎಸ್ ಕಚೇರಿಯಲ್ಲಿ ವಿಚಾರಿಸಿ. ವಯಸ್ಸು 35 ದಾಟಿದ್ದರೆ ಸಾವಿರ ರೂಪಾಯಿಯ ಸ್ತ್ರೀ ಸುರಕ್ಷೆಗೆ ಅದರ ಜೊತೆಯಲ್ಲೇ ಅರ್ಜಿ ಹಾಕಿ. ಫಾರಂ ಮಲಯಾಳದಲ್ಲಿದೆ ಎಂದು ಹಿಂದೆ ಬರಬೇಡಿ. ಕೇರಳದ 1969ರ ಆಡಳಿತ ಭಾಷಾ ಕಾನೂನು ಇಲ್ಲಿಯ ಕನ್ನಡಿಗರಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಏನು ನಿಂತಿತು, ಯಾಕೆ ನಿಂತಿತು ಎಂದು ಕನ್ನಡದಲ್ಲಿ ಕೇಳಿ, ಲಿಖಿತ ಉತ್ತರ ತೆಗೆದುಕೊಳ್ಳಿ.

2025ರ ಡಿಸೆಂಬರಿನಲ್ಲಿ ಗೆದ್ದು ಬಂದ ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಬದಿಯಡ್ಕ, ಬೆಳ್ಳೂರು ಪಂಚಾಯತುಗಳ ಸದಸ್ಯರಲ್ಲಿ ನನ್ನ ಕೇಳಿಕೆ ಇದು. ಮರುಮದುವೆಯಾಗಿಲ್ಲ ಎಂಬ ಸರ್ಟಿಫಿಕೇಟಿನ ಜಾಗದಲ್ಲಿ ಆದಾಯದ ಸರ್ಟಿಫಿಕೇಟ್ ಸಾಕು ಎಂದು ಮುಂದಿನ ಗ್ರಾಮಸಭೆಯಲ್ಲಿ ಒಂದು ನಿರ್ಣಯ ತನ್ನಿ. ನಿಮ್ಮ ವಾರ್ಡಿನಲ್ಲಿ ಪಿಂಚಣಿಗೆ ಹೆದರಿ ಒಂಟಿಯಾಗಿ ಉಳಿದವರು ಯಾರೆಂದು ನಿಮಗೆ ಗೊತ್ತು. ಅವರ ಪರವಾಗಿ ಅದನ್ನು ಓದಿ, ಅಂಗೀಕರಿಸಿ, ತಿರುವನಂತಪುರಕ್ಕೆ ಕಳುಹಿಸಿ.